ಆದಿವಾಸಿಗಳ ಅಂಗಳಕ್ಕೆ ಶಾಲೆಯನ್ನೊಯ್ದ ತಾರಾಬಾಯಿ ಮೋಡಕ್

ಕನ್ನಡ ನಾಡಿನ ಯಾವ ಹಳ್ಳಿಯನ್ನು ಹೊಕ್ಕರೂ ಅಲ್ಲೊಂದು ಅಂಗನವಾಡಿ ಕಣ್ಣಿಗೆ ಬೀಳುತ್ತದೆ. ಮೂರು ವರ್ಷ ತುಂಬಿದ ಮಗು ತಾಯಿಯ ಸೆರಗು ಬಿಟ್ಟು ಮೊದಲು ದಾಟುವುದು ಅದರ ಹೊಸ್ತಿಲನ್ನೇ. ಬಸುರಿಯರಿಗೆ, ಬಾಣಂತಿಯರಿಗೆ, ಹಸುಳೆಗಳಿಗೆ ಅದು ಆಸರೆಯ ಮನೆ. ಆ ಪದವನ್ನು ದಿನವೂ ನುಡಿಯುವ ಲಕ್ಷಾಂತರ ಜನರಲ್ಲಿ ಅದರ ಹಿಂದಿರುವ ವಿಚಾರಕ್ಕೆ ಜನ್ಮವಿತ್ತ ಮಹಾತಾಯಿ ಯಾರೆಂಬುದನ್ನು ಬಲ್ಲವರು ಮಾತ್ರ ವಿರಳ. ವಿದ್ಯೆಯ ಹೆಸರೇ ಕೇಳದ ಆದಿವಾಸಿಗಳ ಗುಡಿಸಲಿನ ಮುಂದೆ, ಸೆಗಣಿ ಸಾರಿಸಿದ ನೆಲದ ಮೇಲೆ, ಕಪ್ಪೆಚಿಪ್ಪು, ಕಾಡುಬೀಜಗಳನ್ನು ಹರಡಿಕೊಂಡು ಕುಳಿತ ಒಬ್ಬ ವಯೋವೃದ್ಧೆ ಪದವೀಧರೆಯ ತಪಸ್ಸಿನ ಫಲವದು. ಆ ತಪಸ್ವಿನಿಯ ಹೆಸರು ಶ್ರೀಮತಿ ತಾರಾಬಾಯಿ ಮೋಡಕ್.

ಶಾಲೆಯೆಂದರೆ ನಾಲ್ಕು ಗೋಡೆ, ಒಂದು ಗಂಟೆ, ಒಂದು ಹಾಜರಿ ಪುಸ್ತಕ ಎಂದೇ ಜಗತ್ತು ಭಾವಿಸಿದ್ದ ಕಾಲದಲ್ಲಿ ಶಾಲೆಗೂ ಕಾಲುಗಳಿರಬೇಕೆಂದು ಅವರು ತೋರಿಸಿಕೊಟ್ಟರು. ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ, ಸ್ಥಾವರವಾಗಿದ್ದ ವಿದ್ಯಾಲಯವನ್ನು ಅವರು ಜಂಗಮವನ್ನಾಗಿ ಮಾಡಿದರು. ವಿದ್ಯಾದಾನವನ್ನೇ ವ್ರತವಾಗಿ ಸ್ವೀಕರಿಸಿದ ಸಂಸ್ಥೆಗಳು, ಅಧ್ಯಾಪಕರು ಹಾಗೂ ದಾನಿಗಳು ಅವರ ಬಾಳನ್ನು ಅರಿಯುವುದು ಈ ಕಾರಣಕ್ಕಾಗಿ ಅತ್ಯಂತ ಉಚಿತವಾದುದು.

ಜನನ ಮತ್ತು ವಿದ್ಯಾಭ್ಯಾಸ

ತಾರಾಬಾಯಿಯವರು ಜನಿಸಿದುದು 1892ನೆಯ ಇಸವಿ ಏಪ್ರಿಲ್ 19ರಂದು, ಮುಂಬಯಿ ನಗರದಲ್ಲಿ. ತಂದೆ ಸದಾಶಿವರಾವ್ ಕೇಳಕರರು ಪ್ರಾರ್ಥನಾ ಸಮಾಜದ ಅನುಯಾಯಿಗಳು. ಜಾತಿಭೇದದ ನಿರಾಕರಣೆ, ವಿಧವಾ ವಿವಾಹ, ಸ್ತ್ರೀಶಿಕ್ಷಣ, ಇವು ಆ ಸಮಾಜದ ಧ್ಯೇಯಗಳಾಗಿದ್ದವು. ಎಂಟು ಹತ್ತು ವರ್ಷಕ್ಕೇ ಹೆಣ್ಣುಮಕ್ಕಳ ಕೊರಳಿಗೆ ತಾಳಿ ಬೀಳುತ್ತಿದ್ದ ಆ ದಿನಗಳಲ್ಲಿ ತಾರೆಯ ಕೈಗೆ ಪುಸ್ತಕ ಬಂದುದು ಮನೆತನದ ಈ ಸಂಸ್ಕಾರದಿಂದ. 1914ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರೆಯಾದರು. ಹೆಣ್ಣುಮಕ್ಕಳಲ್ಲಿ ಪದವಿಯವರೆಗೆ ಹೋದವರನ್ನು ಬೆರಳಿನಿಂದ ಎಣಿಸಬಹುದಾಗಿದ್ದ ಕಾಲವದು.

ಮರುವರ್ಷವೇ ಅಮರಾವತಿಯ ಮೋಡಕ್ ಎಂಬ ನ್ಯಾಯವಾದಿಗಳೊಡನೆ ಅವರ ವಿವಾಹವಾಯಿತು. ದಾಂಪತ್ಯ ಸುಖಕರವಾಗಲಿಲ್ಲ. 1921ರಲ್ಲಿ ಆ ಬಂಧನ ಕಡಿದುಹೋಯಿತು. ಪತಿಯಿಂದ ಬೇರೆಯಾದ ಹೆಣ್ಣನ್ನು ಸಮಾಜವು ಯಾವ ದೃಷ್ಟಿಯಿಂದ ನೋಡುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಮಡಿಲಲ್ಲಿ ಪುಟ್ಟ ಮಗಳು, ಮುಂದೆ ಒಂಟಿ ದಾರಿ. ಆಗ ಅವರ ಕೈಹಿಡಿದುದು ಅವರು ಗಳಿಸಿದ್ದ ವಿದ್ಯೆಯೊಂದೇ. ಸೌರಾಷ್ಟ್ರದ ರಾಜಕೋಟೆಯಲ್ಲಿದ್ದ ಬಾರ್ಟನ್ ಮಹಿಳಾ ಅಧ್ಯಾಪಕ ಕಾಲೇಜಿನ ಪ್ರಾಂಶುಪಾಲರ ಹುದ್ದೆ ಅವರಿಗೆ ದೊರೆಯಿತು. ಹೆಣ್ಣಿಗೆ ವಿದ್ಯೆ ಅಲಂಕಾರವಲ್ಲ, ಕಷ್ಟಕಾಲದಲ್ಲಿ ನೆಲದ ಮೇಲೆ ನಿಲ್ಲಿಸುವ ಕಾಲು ಎಂಬ ಸತ್ಯವನ್ನು ಅವರು ಗ್ರಂಥದಿಂದ ಕಲಿಯಲಿಲ್ಲ, ಸ್ವಂತ ಬಾಳಿನಿಂದಲೇ ಕಲಿತರು.

ಭಾವನಗರದ ದೀಕ್ಷೆ

ರಾಜಕೋಟೆಯ ಹುದ್ದೆಯಲ್ಲಿ ಗೌರವವಿತ್ತು, ಸಂಬಳವಿತ್ತು. ಆದರೆ ಅದೇ ಸೌರಾಷ್ಟ್ರದ ಭಾವನಗರದಲ್ಲಿ ನಡೆಯುತ್ತಿದ್ದ ಹೊಸದೊಂದು ಪ್ರಯೋಗ ಅವರ ಮನಸ್ಸನ್ನು ಸೆಳೆಯಿತು. ವಕೀಲಿ ವೃತ್ತಿಯನ್ನು ತ್ಯಜಿಸಿದ ಗಿಜುಭಾಯಿ ಬಧೇಕಾ ಎಂಬ ಮಹನೀಯರು ಅಲ್ಲಿನ ದಕ್ಷಿಣಾಮೂರ್ತಿ ಸಂಸ್ಥೆಯ ಆಶ್ರಯದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದಿದ್ದರು. ಅಲ್ಲಿ ಬೆತ್ತವಿರಲಿಲ್ಲ, ಬಾಯಿಪಾಠವಿರಲಿಲ್ಲ, ಬಹುಮಾನದ ಆಮಿಷವೂ ಇರಲಿಲ್ಲ. ಮಗು ತನ್ನ ಕೈಯಿಂದ ಮಾಡಿ, ಕಣ್ಣಿಂದ ನೋಡಿ, ಹಾಡಿ, ಕುಣಿದು, ಕಥೆ ಕೇಳಿ ಕಲಿಯುತ್ತಿತ್ತು. ಇಟಲಿಯ ಮರಿಯಾ ಮಾಂಟೆಸ್ಸರಿಯವರ ಪದ್ಧತಿಯನ್ನು ಭಾರತದ ಮಣ್ಣಿಗೆ ಹೊಂದುವಂತೆ ಅವರು ರೂಪಿಸಿಕೊಂಡಿದ್ದರು. ಮಕ್ಕಳ ಮೇಲಿನ ಅವರ ವಾತ್ಸಲ್ಯವನ್ನು ಕಂಡ ಜನ ಅವರನ್ನು ಮೀಸೆಯುಳ್ಳ ತಾಯಿಯೆಂದೇ ಕರೆಯುತ್ತಿದ್ದರು.

1923ರಲ್ಲಿ ತಾರಾಬಾಯಿಯವರು ಪ್ರಾಂಶುಪಾಲರ ಪದವಿಯನ್ನು ಬಿಟ್ಟು ಭಾವನಗರಕ್ಕೆ ಬಂದರು. ಅಧ್ಯಾಪಕಿಯರಿಗೆ ಪಾಠ ಹೇಳುತ್ತಿದ್ದವರು ಮೂರು ವರ್ಷದ ಮಕ್ಕಳ ಮುಂದೆ ವಿದ್ಯಾರ್ಥಿನಿಯಾಗಿ ಕುಳಿತರು. ಲೋಕದ ದೃಷ್ಟಿಯಲ್ಲಿ ಇದು ಇಳಿತ. ಅವರಿಗಾದರೋ ಇದೇ ದೀಕ್ಷೆಯಾಯಿತು. ಗಿಜುಭಾಯಿಯವರೊಡನೆ ಅವರು ಮಕ್ಕಳ ಸ್ವಭಾವವನ್ನು ಅಭ್ಯಾಸಮಾಡಿದರು, ಶಿಶುಶಿಕ್ಷಣದ ಪತ್ರಿಕೆಯನ್ನು ನಡೆಸಿದರು, ಗುಜರಾತಿ ಮತ್ತು ಮರಾಠಿ ಭಾಷೆಗಳಲ್ಲಿ ತಾಯಿತಂದೆಯರಿಗೂ ಅಧ್ಯಾಪಕರಿಗೂ ತಿಳಿಯುವಂತೆ ಬರೆದರು. 1926ರಲ್ಲಿ ಅವರಿಬ್ಬರ ಪ್ರಯತ್ನದಿಂದ ನೂತನ ಬಾಲಶಿಕ್ಷಣ ಸಂಘ ಸ್ಥಾಪನೆಗೊಂಡಿತು. ಭಾರತದಲ್ಲಿ ಶಿಶುಶಿಕ್ಷಣವನ್ನು ಒಂದು ಶಾಸ್ತ್ರವಾಗಿ, ಒಂದು ಚಳವಳಿಯಾಗಿ ಮುಂದೊಯ್ದ ಆದ್ಯ ಸಂಸ್ಥೆಗಳಲ್ಲಿ ಅದೂ ಒಂದು.

ಮುಂದೆ ತಾರಾಬಾಯಿಯವರು ಮುಂಬಯಿಗೆ ಮರಳಿ, 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ಆರಂಭಿಸಿದರು. ಅದಕ್ಕೆ ಹೊಂದಿಕೊಂಡಂತೆ ಅಧ್ಯಾಪಕಿಯರ ತರಬೇತಿಯೂ ನಡೆಯಿತು. ಮಧ್ಯಮವರ್ಗದ ಮನೆಗಳಿಂದ ಮಕ್ಕಳು ಶುಚಿಯಾದ ಉಡುಪು ತೊಟ್ಟು ಬರುತ್ತಿದ್ದರು. ಸಂಸ್ಥೆ ಹೆಸರಾಯಿತು. 1939ರಲ್ಲಿ ಗಿಜುಭಾಯಿಯವರು ಕಾಲವಶರಾದಾಗ ಚಳವಳಿಯ ಭಾರವೆಲ್ಲ ತಾರಾಬಾಯಿಯವರ ಹೆಗಲೇರಿತು. ಅವರು ಅಲ್ಲಿಯೇ ನಿಂತಿದ್ದರೂ ಅವರ ಹೆಸರು ಶಿಕ್ಷಣದ ಇತಿಹಾಸದಲ್ಲಿ ಉಳಿಯುತ್ತಿತ್ತು.

ಮನಸ್ಸನ್ನು ಕೊರೆದ ಪ್ರಶ್ನೆ

ಮರಿಯಾ ಮಾಂಟೆಸ್ಸರಿಯವರು 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದುದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ಕೂಲಿಗೆ ಹೋದ ತಾಯಿತಂದೆಯರ ದಿಕ್ಕಿಲ್ಲದ ಮಕ್ಕಳಿಗಾಗಿ ಹುಟ್ಟಿದ ಪದ್ಧತಿಯದು. ಅದೇ ಪದ್ಧತಿ ಭಾರತಕ್ಕೆ ಬಂದಾಗ ಬಹುಮಟ್ಟಿಗೆ ಪಟ್ಟಣದ ಉಳ್ಳವರ ಸೊತ್ತಾಯಿತು. ನಯಗೊಳಿಸಿದ ಮರದ ಘನಾಕೃತಿಗಳು, ಬಣ್ಣದ ಫಲಕಗಳು, ಅಳತೆಯ ಸಲಕರಣೆಗಳು, ಇವುಗಳ ಬೆಲೆಯನ್ನು ತೆರಬಲ್ಲವರು ಎಷ್ಟು ಜನ? ದೇಶದ ಮಕ್ಕಳಲ್ಲಿ ಬಹುಪಾಲು ಇರುವುದು ಹಳ್ಳಿಗಳಲ್ಲಿ. ಹಳ್ಳಿಗಳಲ್ಲಿಯೂ ಊರಾಚೆಯ ಕೇರಿಗಳಲ್ಲಿ, ಕಾಡಂಚಿನ ಗುಡಿಸಲುಗಳಲ್ಲಿ ಬೆಳೆಯುವವರ ಪಾಡೇನು?

ಈ ಪ್ರಶ್ನೆ ಆ ಕಾಲದ ಗಾಳಿಯಲ್ಲಿಯೇ ಇತ್ತು. ಗಾಂಧೀಜಿಯವರ ವಾರ್ಧಾ ಶಿಕ್ಷಣ ಯೋಜನೆ 1937ರಲ್ಲಿ ಪ್ರಕಟವಾದಾಗ ಏಳು ವರ್ಷ ಮೇಲ್ಪಟ್ಟ ಮಕ್ಕಳನ್ನು ಉದ್ದೇಶಿಸಿತ್ತು. ಸೆರೆವಾಸದಿಂದ ಹೊರಬಂದ ಬಳಿಕ ಅವರು ಅದನ್ನು ವಿಸ್ತರಿಸಿ, ಶೈಶವದಿಂದ ಮುಪ್ಪಿನವರೆಗಿನ ಇಡೀ ಬಾಳನ್ನೇ ಶಿಕ್ಷಣದ ಕ್ಷೇತ್ರವೆಂದು ಸಾರಿದರು. ಏಳು ವರ್ಷಕ್ಕಿಂತ ಮೊದಲಿನ ಪೂರ್ವ ಬುನಾದಿ ಶಿಕ್ಷಣ ಹಳ್ಳಿಗಳಲ್ಲಿ ಹೇಗಿರಬೇಕೆಂಬುದನ್ನು ಕಾರ್ಯರೂಪದಲ್ಲಿ ತೋರಿಸುವವರು ಬೇಕಾಗಿದ್ದರು. ತಾರಾಬಾಯಿಯವರು ಆ ಹೊಣೆಯನ್ನು ಹೊತ್ತರು. ಎರಡು ದಶಕಗಳಿಗೂ ಮೀರಿದ ಅನುಭವವನ್ನು ಗಂಟುಕಟ್ಟಿಕೊಂಡು, 53ನೆಯ ವಯಸ್ಸಿನಲ್ಲಿ, ಅವರು ನಗರವನ್ನು ಬಿಟ್ಟು ಹಳ್ಳಿಯ ಹಾದಿ ಹಿಡಿದರು.

ಬೋರ್ಡಿಯ ಪ್ರಯೋಗ

ಆಗಿನ ಠಾಣೆ ಜಿಲ್ಲೆಯ ಡಹಾಣೂ ತಾಲೂಕಿನಲ್ಲಿ, ಗುಜರಾತಿನ ಗಡಿಗೆ ಸಮೀಪದಲ್ಲಿ, ಕಡಲ ತೀರದ ಹಳ್ಳಿ ಬೋರ್ಡಿ. ಆ ಪ್ರದೇಶ 2014ರಿಂದ ಪಾಲಘರ ಜಿಲ್ಲೆಗೆ ಸೇರಿದೆ. ತಾರಾಬಾಯಿಯವರು ಅಲ್ಲಿಗೆ ಬಂದಾಗ ಅದು ಮುಂಬಯಿ ಪ್ರಾಂತದ ಭಾಗವಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಕಾರವಾರಗಳೂ ಆಗ ಅದೇ ಪ್ರಾಂತದ ಜಿಲ್ಲೆಗಳಾಗಿದ್ದವು. ಕಡಲಂಚಿನಲ್ಲಿ ಚಿಕ್ಕುತೋಟಗಳು, ಅದರಾಚೆಗೆ ಹುಲ್ಲುಗಾವಲು, ಇನ್ನೂ ಆಚೆಗೆ ಗುಡ್ಡಕಾಡು. ತೋಟಗಳು ಧನಿಕರವು, ಅಲ್ಲಿ ದುಡಿಯುವ ಮೈಗಳು ವಾರ್ಲಿ ಆದಿವಾಸಿಗಳವು.

ವಾರ್ಲಿಗಳ ದುರವಸ್ಥೆ ವರ್ಣನಾತೀತವಾಗಿತ್ತು. ಒಂದು ಕಾಲಕ್ಕೆ ಅವರದೇ ಆಗಿದ್ದ ಭೂಮಿ ಜಮೀನುದಾರರ ಮತ್ತು ಸಾಹುಕಾರರ ಕೈಸೇರಿತ್ತು. ಕಾಡು ಸರಕಾರದ್ದಾಗಿತ್ತು. ಬಿಟ್ಟಿ ಬೇಗಾರಿ ನಿತ್ಯದ ಕಟ್ಟಳೆ. ಮದುವೆಗೆಂದು ಮಾಡಿದ ಅಲ್ಪ ಸಾಲಕ್ಕೆ ಗಂಡುಹೆಣ್ಣುಗಳಿಬ್ಬರೂ ಒಡೆಯನ ಮನೆಯಲ್ಲಿ ವರ್ಷಗಟ್ಟಲೆ ಜೀತಕ್ಕೆ ಬೀಳುತ್ತಿದ್ದರು. ಅಕ್ಷರ ಬಾರದವನಿಗೆ ಸಾಲದ ಲೆಕ್ಕ ಎಂದೂ ತೀರುವುದಿಲ್ಲ. ತೀರಿತೆಂದು ತೋರಿಸಿಕೊಡುವ ಕಾಗದವನ್ನು ಓದುವವರೇ ಆ ಕುಲದಲ್ಲಿರಲಿಲ್ಲ. 1945ರಲ್ಲಿ ಗೋದಾವರಿ ಪರುಳೇಕರ್ ಮತ್ತು ಶಾಮರಾವ್ ಪರುಳೇಕರರ ನೇತೃತ್ವದಲ್ಲಿ ಕಿಸಾನ್ ಸಭೆ ಈ ಜೀತ ಮತ್ತು ಬಿಟ್ಟಿಯ ವಿರುದ್ಧ ಹೋರಾಟ ಹೂಡಿತು. ಹುಲ್ಲು ಕೊಯ್ಯುವ ಕೂಲಿಗಾಗಿ ವಾರ್ಲಿಗಳು ಮುಷ್ಕರ ಹೂಡಿದರು, ಗೋಲೀಬಾರಿಗೂ ಎದೆಯೊಡ್ಡಿದರು. ಅದೇ 1945ರಲ್ಲಿ, ಅದೇ ತಾಲೂಕಿನಲ್ಲಿ, ತಾರಾಬಾಯಿಯವರು ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಾ ಕೇಂದ್ರವನ್ನು ತೆರೆದರು. ಒಂದು ಕಡೆ ಸಂಕಲೆ ಕಡಿಯುವ ಕೆಲಸ ನಡೆದರೆ ಇನ್ನೊಂದು ಕಡೆ ಬಿಡುಗಡೆಯಾದ ಕೈಗೆ ಅಕ್ಷರವನ್ನೀಯುವ ಕೆಲಸ ಮೌನವಾಗಿ ಮೊದಲಾಯಿತು. ಇವರೆಡೂ ಬೇರೆ ಬೇರೆ ದಾರಿಗಳು. ಆದರೆ ಮೊದಲನೆಯದು ಸ್ಥಿರಗೊಳ್ಳಬೇಕಾದರೆ ಎರಡನೆಯದು ಬೇಕೇ ಬೇಕು.

ಆರಂಭ ಉತ್ಸಾಹದಾಯಕವಾಗಿರಲಿಲ್ಲ. ಊರಿನ ನಡುವೆ ಬಾಲವಾಡಿ ತೆರೆದರೆ ಊರಿನವರ ಮಕ್ಕಳು ಬಂದರು. ಯಾರಿಗಾಗಿ ಮುಂಬಯಿಯನ್ನು ಬಿಟ್ಟು ಬಂದಿದ್ದರೋ ಆ ಮಕ್ಕಳು ಬರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರ ಕೇರಿ ದೂರ, ಆದಿವಾಸಿಗಳ ಪಾಡಾಗಳು ಇನ್ನೂ ದೂರ. ಮೈಸೂರು, ಕೊಡಗುಗಳ ಕಾಡಂಚಿನಲ್ಲಿ ಜೇನುಕುರುಬರ ಹಾಡಿಗಳಿರುವಂತೆಯೇ ಅಲ್ಲಿ ವಾರ್ಲಿಗಳ ಪಾಡಾಗಳು. ಮೈಮೇಲೆ ಬಟ್ಟೆಯಿಲ್ಲದ, ಹೊಟ್ಟೆಗೆ ಅನ್ನವಿಲ್ಲದ ಮಗು ಬಿಳಿಯ ಗೋಡೆಯ ಮನೆಯೊಳಗೆ ಕಾಲಿಡಲು ಹೆದರುತ್ತಿತ್ತು. ತಾಯಿತಂದೆಯರು ಕತ್ತಲಿರುವಾಗಲೇ ಕೂಲಿಗೆ ಹೊರಟುಹೋಗುತ್ತಿದ್ದರು. ಕೈಹಿಡಿದು ಕರೆತರುವವರು ಯಾರು?

ಇಂತಹ ಸಂದರ್ಭದಲ್ಲಿ ಅನೇಕ ಸಂಸ್ಥೆಗಳು ಸುಲಭವಾದ ತೀರ್ಮಾನಕ್ಕೆ ಬರುತ್ತವೆ. ಬಾಗಿಲು ತೆರೆದಿದ್ದೇವೆ, ಅವರಿಗೆ ವಿದ್ಯೆಯಲ್ಲಿ ಆಸಕ್ತಿಯಿಲ್ಲ ಎಂದು ವರದಿ ಬರೆದು ಕೈತೊಳೆದುಕೊಳ್ಳುತ್ತವೆ. ತಾರಾಬಾಯಿಯವರು ಹಾಗೆ ಮಾಡಲಿಲ್ಲ. ಮಗು ಶಾಲೆಗೆ ಬಾರದಿದ್ದರೆ ತಪ್ಪು ಮಗುವಿನದಲ್ಲ, ಶಾಲೆಯದು ಎಂದು ಅವರು ನಿರ್ಧರಿಸಿದರು. ಮಗು ಎಲ್ಲಿದೆಯೋ ಅಲ್ಲಿಗೆ ಶಾಲೆ ಹೋಗಬೇಕು. ಹೀಗೆ ಎರಡು ಬಗೆಯ ವ್ಯವಸ್ಥೆ ರೂಪುಗೊಂಡಿತು. ಊರ ನಡುವೆ ನಿಗದಿಯಾದ ವೇಳೆಯಲ್ಲಿ ನಡೆಯುವ ಕೇಂದ್ರ ಬಾಲವಾಡಿ ಒಂದು. ಸೇವಿಕೆಯರೇ ಕೇರಿಗೆ ನಡೆದುಹೋಗಿ ಮನೆಯ ಮುಂದೆ ನಡೆಸುವ ಅಂಗಣ ಬಾಲವಾಡಿ ಇನ್ನೊಂದು. ಮರಾಠಿಯ ಅಂಗಣವೇ ಕನ್ನಡದ ಅಂಗಳ. ಅಂಗನವಾಡಿಯೆಂಬ ಮಾತಿನ ಮೂಲ ಇದು.

ಅಂಗಳದ ಪಾಠಕ್ರಮ

ಅಂಗಳದಲ್ಲಿ ಮೊದಲ ಪಾಠ ಅಕ್ಷರದ್ದಾಗಿರಲಿಲ್ಲ, ನೀರಿನದಾಗಿತ್ತು. ಸೇವಿಕೆಯರು ಮಕ್ಕಳ ಮುಖ ತೊಳೆದು, ಉಗುರು ಕತ್ತರಿಸಿ, ತಲೆ ಬಾಚಿ, ಕಣ್ಣಿನ ಕೀವನ್ನು ಒರೆಸುತ್ತಿದ್ದರು. ಪದವಿ ಪಡೆದ, ಮೇಲುಜಾತಿಯೆನಿಸಿಕೊಂಡ ಹೆಂಗಸರು ತಮ್ಮ ಮಕ್ಕಳನ್ನು ಮುಟ್ಟಿ ಮೀಯಿಸುವುದನ್ನು ಆ ತಾಯಂದಿರು ಬೆರಗಿನಿಂದ ನೋಡಿದರು. ಭಾಷಣಗಳು ಮಾಡಲಾಗದುದನ್ನು ಒಂದು ತಂಬಿಗೆ ನೀರು ಮಾಡಿತು. ಬಳಿಕ ಹಾಡು, ಕಥೆ, ಕುಣಿತ, ಆಟ. ಮಕ್ಕಳಾಡುವ ವಾರ್ಲಿ ನುಡಿ ಪುಸ್ತಕದ ಮರಾಠಿಗಿಂತ ಭಿನ್ನ. ಆದುದರಿಂದ ಮೊದಲು ಕಲಿಯಬೇಕಾದವರು ಮಕ್ಕಳಲ್ಲ, ಕಲಿಸುವವರೇ ಆಗಿದ್ದರು.

ಪಾಠೋಪಕರಣಗಳ ವಿಷಯದಲ್ಲಿ ತಾರಾಬಾಯಿಯವರ ಪ್ರತಿಭೆ ವಿಶೇಷವಾಗಿ ಬೆಳಗಿತು. ಮಾಂಟೆಸ್ಸರಿ ತತ್ತ್ವವನ್ನು ಅವರು ಕೈಬಿಡಲಿಲ್ಲ, ಅದರ ದುಬಾರಿ ಕವಚವನ್ನು ಮಾತ್ರ ಕಳಚಿದರು. ಚಿಕ್ಕದು ದೊಡ್ಡದು ತಿಳಿಯಲು ಕಡಲ ತೀರದ ಚಿಪ್ಪುಗಳು ಸಾಕು. ನುಣುಪು ಒರಟು ಅರಿಯಲು ಎಲೆ ಮತ್ತು ತೊಗಟೆಗಳು ಸಾಕು. ಎಣಿಸಲು ಬೀಜಗಳು, ಜೋಡಿಸಲು ಕಲ್ಲುಗಳು, ರೂಪಿಸಲು ಜೇಡಿಮಣ್ಣು. ಬೆಲೆಯಿಲ್ಲದೆ ದೊರೆಯುವ ಈ ವಸ್ತುಗಳ ಗುಣ, ಹೆಸರು, ಉಪಯೋಗಗಳನ್ನು ಕಾಡಿನ ಮಗು ಮೊದಲೇ ಬಲ್ಲುದು. ಶಾಲೆಗೆ ಬಂದ ದಿನವೇ ತಾನು ಅಜ್ಞಾನಿಯೆಂಬ ಕೀಳರಿಮೆ ಅದನ್ನು ಮುತ್ತುತ್ತಿರಲಿಲ್ಲ. ವಾರ್ಲಿ ಹೆಂಗಸರು ಮದುವೆಯ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ತ್ರಿಕೋನ, ವೃತ್ತ, ಚೌಕಗಳ ಚಿತ್ರಲೋಕವನ್ನೇ ಬಿಡಿಸುವವರು. ಅಂತಹ ತಾಯಂದಿರ ಮಕ್ಕಳಿಗೆ ಆಕೃತಿಜ್ಞಾನವಿಲ್ಲವೆಂದು ಹೇಳುವವರು ಯಾರು? ಅವರಲ್ಲಿ ಇಲ್ಲದುದು ಬುದ್ಧಿಯಲ್ಲ, ಅವಕಾಶ.

ಕೋಸಬಾಡದ ಗುಡ್ಡದ ಮೇಲೆ

ಬೋರ್ಡಿಯ ಹನ್ನೆರಡು ವರ್ಷದ ಅನುಭವ ಗಟ್ಟಿಯಾದ ಮೇಲೆ, 1957ರಲ್ಲಿ ಕಾರ್ಯಕ್ಷೇತ್ರ ಒಳನಾಡಿನ ಕೋಸಬಾಡಕ್ಕೆ ಸ್ಥಳಾಂತರಗೊಂಡಿತು. ಕೋಸಬಾಡ ವಾರ್ಲಿಗಳ ನಡುನಾಡು. ತಾರಾಬಾಯಿಯವರಿಗೆ ಆಗ 65 ವರ್ಷ. ಇತರರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಅವರು ಗುಡ್ಡ ಏರಿದರು.

ಇಲ್ಲಿ ಅವರು ಸ್ತ್ರೀಶಿಕ್ಷಣದ ಒಂದು ಗುಟ್ಟಾದ ಗಂಟನ್ನು ಬಿಡಿಸಿದರು. ಆದಿವಾಸಿ ಬಾಲಕಿಯರು ಪ್ರಾಥಮಿಕ ಶಾಲೆಗೆ ಏಕೆ ಬರುವುದಿಲ್ಲ? ಏಳೆಂಟು ವರ್ಷದ ಹುಡುಗಿಯ ಸೊಂಟದ ಮೇಲೆ ಯಾವಾಗಲೂ ಒಂದು ಕೂಸು. ತಾಯಿ ಕೂಲಿಗೆ ಹೋದರೆ ತಮ್ಮತಂಗಿಯರಿಗೆ ಅವಳೇ ತಾಯಿ. ಅವಳು ಶಾಲೆಗೆ ಹೋದರೆ ತಾಯಿ ಮನೆಯಲ್ಲಿ ಉಳಿಯಬೇಕು. ತಾಯಿ ಉಳಿದರೆ ಅಂದಿನ ಕೂಲಿಯಿಲ್ಲ, ಕೂಲಿಯಿಲ್ಲದಿದ್ದರೆ ಗಂಜಿಯಿಲ್ಲ. ಹೀಗಾಗಿ ಹೆಣ್ಣುಮಗುವಿನ ಅಕ್ಷರಕ್ಕೆ ಅಡ್ಡಿಯಾಗಿ ನಿಂತಿರುವುದು ತಾಯಿತಂದೆಯರ ಹಟವಲ್ಲ, ತೊಟ್ಟಿಲ ಕೂಸು. ಕಡ್ಡಾಯದ ಕಾನೂನಾಗಲಿ ದಂಡವಾಗಲಿ ಈ ಗಂಟನ್ನು ಬಿಡಿಸಲಾರವು. ಕೂಸಿಗೂ ಶಾಲೆಯಲ್ಲಿ ಜಾಗ ಕೊಟ್ಟರೆ ಮಾತ್ರ ಅಕ್ಕನಿಗೆ ಜಾಗ ದೊರೆಯುತ್ತದೆ.

ಈ ತಿಳಿವಿನಿಂದ ಹುಟ್ಟಿದುದೇ ಕೋಸಬಾಡದ ವಿಕಾಸವಾಡಿ. ಒಂದೇ ಆವರಣದಲ್ಲಿ ಹಸುಳೆಗಳಿಗೆ ಶಿಶುಪಾಲನ ಗೃಹ, ಮೂರರಿಂದ ಆರು ವರ್ಷದವರಿಗೆ ಬಾಲವಾಡಿ, ದೊಡ್ಡವರಿಗೆ ಪ್ರಾಥಮಿಕ ಶಾಲೆ. ಅಕ್ಕ ಕೂಸನ್ನು ಎತ್ತಿಕೊಂಡೇ ಬಂದು, ಅದನ್ನು ಪಾಲನಗೃಹದಲ್ಲಿ ಬಿಟ್ಟು, ನಡುವಿನ ತಮ್ಮನನ್ನು ಬಾಲವಾಡಿಯಲ್ಲಿ ಕೂರಿಸಿ, ತಾನು ತರಗತಿಗೆ ನಡೆಯುತ್ತಾಳೆ. ಮೂರು ಸಂಸ್ಥೆಗಳನ್ನು ಒಂದೇ ಸೂರಿನಡಿ ತಂದ ಈ ಸರಳ ಏರ್ಪಾಟಿನಲ್ಲಿ ಹೆಣ್ಣುಮಗುವಿನ ಬಾಲ್ಯವನ್ನು ಅವಳಿಗೇ ಹಿಂದಿರುಗಿಸಿಕೊಡುವ ಶಕ್ತಿಯಿತ್ತು. ತಾಯಿಗೂ ನಿಶ್ಚಿಂತೆ, ಅಂದಿನ ಕೂಲಿಗೂ ಭಂಗವಿಲ್ಲ.

ದನ ಕಾಯುವ ಮಕ್ಕಳಿಗೆ ಇದೂ ಸಾಲದಾಯಿತು. ದನಗಳನ್ನು ಬಿಟ್ಟು ಅವರು ಬರಲಾರರು. ಹಾಗಾದರೆ ಶಾಲೆ ಹುಲ್ಲುಗಾವಲಿಗೇ ಹೋಗಲಿ ಎಂಬ ಆಲೋಚನೆಯಿಂದ ಗೋಮಾಳದಲ್ಲಿಯೇ ನಡೆಯುವ ಕುರಣಶಾಲೆ ಹುಟ್ಟಿತು. ಹಗಲೆಲ್ಲ ದುಡಿಯುವವರಿಗೆ ರಾತ್ರಿಶಾಲೆ ನಡೆಯಿತು. ಹಾಜರಿಯ ನಿಯಮಕ್ಕೆ ಮಗುವಿನ ಬದುಕನ್ನು ಬಗ್ಗಿಸುವ ಬದಲು, ಮಗುವಿನ ಬದುಕಿಗೆ ತಕ್ಕಂತೆ ನಿಯಮವನ್ನು ಬಗ್ಗಿಸುವುದು ಕೋಸಬಾಡದ ನೀತಿಯಾಗಿತ್ತು.

ಅಧ್ಯಾಪಕಿಯರ ನಿರ್ಮಾಣ

ಒಬ್ಬ ತಾರಾಬಾಯಿ ಎಷ್ಟು ಅಂಗಳಗಳನ್ನು ತುಂಬಬಲ್ಲರು? ಆದುದರಿಂದ ಸೇವಿಕೆಯರ ತರಬೇತಿಯೇ ಅವರ ಕೆಲಸದ ಬೆನ್ನೆಲುಬಾಯಿತು. ಹಳ್ಳಿಯ ಸಾಮಾನ್ಯ ಹೆಂಗಸರು, ಕೆಲಮಟ್ಟಿನ ಓದು ಮಾತ್ರ ಇದ್ದವರು, ವಿಧವೆಯರು, ಪರಿತ್ಯಕ್ತೆಯರು ತರಬೇತಿ ಪಡೆದು ಬಾಲಸೇವಿಕೆಯರಾಗಿ ಹೊರಬಂದರು. ಮುಂದೆ ಅದೇ ಪ್ರದೇಶದ ಆದಿವಾಸಿ ಯುವತಿಯರೂ ಆ ಸಾಲಿಗೆ ಸೇರಿದರು. ತನ್ನ ಪಾಡಾದಲ್ಲಿ ತನ್ನದೇ ಕುಲದ ಹೆಣ್ಣೊಬ್ಬಳು ಹಲಗೆ ಬಳಪ ಹಿಡಿದು ನಿಲ್ಲುವುದನ್ನು ಕಂಡ ಬಾಲಕಿಗೆ ವಿದ್ಯೆ ಪರರ ವಸ್ತುವಾಗಿ ತೋರುವುದಿಲ್ಲ. ಸ್ತ್ರೀಯರ ಸಬಲತೆಯೆಂಬುದು ಮೇಲಿನಿಂದ ಸುರಿಯುವ ಅನುಗ್ರಹವಲ್ಲ, ಕೆಳಗಿನಿಂದ ಏಳುವ ಸಾಮರ್ಥ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಸಾಲಿನ ಅಗ್ರಗಣ್ಯರು ಅನುತಾಯಿ ವಾಘ್. 1910ರ ಮಾರ್ಚ್ 17ರಂದು ಪುಣೆ ಜಿಲ್ಲೆಯ ಮೋರಗಾಂವದಲ್ಲಿ ಹುಟ್ಟಿದ ಅವರಿಗೆ ಹದಿಮೂರನೆಯ ವರ್ಷದಲ್ಲಿ ಮದುವೆಯಾಯಿತು, ಆರು ತಿಂಗಳೊಳಗೆ ವೈಧವ್ಯ ಒದಗಿತು. ಮೂಲೆ ಹಿಡಿದು ಕೂರಬೇಕಾಗಿದ್ದ ಬಾಲವಿಧವೆ ಓದಿ ಅಧ್ಯಾಪಕಿಯಾದರು, ದುಡಿಯುತ್ತಲೇ ರಾತ್ರಿಶಾಲೆಯಲ್ಲಿ ಕಲಿತು ಮೆಟ್ರಿಕ್ ಮುಗಿಸಿದರು. 1945ರಲ್ಲಿ ಗ್ರಾಮಸೇವಿಕೆಯರ ಶಿಬಿರವೊಂದರಲ್ಲಿ ತಾರಾಬಾಯಿಯವರ ಪರಿಚಯವಾಯಿತು. ಅಂದಿನಿಂದ ಗುರುವಿನ ನೆರಳಾಗಿ ನಡೆದರು. ಕೋಸಬಾಡದ ಕೆಲಸದ ನಡುವೆಯೇ 1961ರಲ್ಲಿ, 51ನೆಯ ವಯಸ್ಸಿನಲ್ಲಿ, ಪದವೀಧರೆಯಾದರು. ಕಲಿಸುವವರು ಕಲಿಯುವುದನ್ನು ನಿಲ್ಲಿಸಬಾರದೆಂಬ ಪಾಠವನ್ನು ಆ ಗುಡ್ಡದ ಮಕ್ಕಳು ತಮ್ಮ ಅನುತಾಯಿಯಲ್ಲಿಯೇ ಕಂಡರು. ಪತಿಯಿಂದ ಬೇರೆಯಾದ ಒಬ್ಬ ಹೆಣ್ಣು, ಪತಿಯನ್ನು ಕಳೆದುಕೊಂಡ ಇನ್ನೊಬ್ಬ ಹೆಣ್ಣು, ಸಮಾಜ ಅಮಂಗಲವೆಂದು ಬದಿಗೆ ಸರಿಸಿದ ಈ ಇಬ್ಬರು ಸೇರಿ ಸಾವಿರಾರು ಮನೆಗಳ ಅಂಗಳವನ್ನು ಮಂಗಲಮಯವಾಗಿಸಿದುದು ಇತಿಹಾಸದ ಸೋಜಿಗಗಳಲ್ಲೊಂದು.

ಗೌರವ ಮತ್ತು ಅವಸಾನ

1962ರಲ್ಲಿ ಭಾರತ ಸರಕಾರವು ತಾರಾಬಾಯಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಪ್ರಶಸ್ತಿಯ ಬಳಿಕವೂ ಅವರ ದಿನಚರಿಯಾಗಲಿ ವಾಸಸ್ಥಳವಾಗಲಿ ಬದಲಾಗಲಿಲ್ಲ. ವೃದ್ಧಾಪ್ಯದಲ್ಲಿಯೂ ಅವರು ಕೋಸಬಾಡದ ಕೆಲಸಕ್ಕೆ ಮಾರ್ಗದರ್ಶನ ನೀಡುತ್ತಿದ್ದರು. 1973ರಲ್ಲಿ, 81ನೆಯ ವಯಸ್ಸಿನಲ್ಲಿ, ಅವರು ಇಹಲೋಕ ಯಾತ್ರೆಯನ್ನು ಮುಗಿಸಿದರು. ಅವರು ಹಚ್ಚಿದ ದೀಪವನ್ನು ಅನುತಾಯಿಯವರು 1992ರಲ್ಲಿ ತಾವು ಕಣ್ಮುಚ್ಚುವವರೆಗೂ ಆರದಂತೆ ಕಾಪಾಡಿದರು.

ತಾರಾಬಾಯಿಯವರು ತೀರಿಕೊಂಡ ಎರಡು ವರ್ಷಕ್ಕೆ, 1975ರ ಅಕ್ಟೋಬರ್ 2ರ ಗಾಂಧಿಜಯಂತಿಯಂದು, ಭಾರತ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಪ್ರಾರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ, 100 ಕೇಂದ್ರಗಳಿಂದ. ಆ ಕೇಂದ್ರಗಳಿಗೆ ಇಟ್ಟ ಹೆಸರು ಅಂಗನವಾಡಿ. ಇಂದು ರಾಜ್ಯದಲ್ಲಿ ಅವುಗಳ ಸಂಖ್ಯೆ 60,000ವನ್ನು ಮೀರಿದೆ. ಬೋರ್ಡಿಯ ಕೇರಿಯೊಂದರಲ್ಲಿ ಮೊಳೆತ ಬೀಜ ಕಪಿಲೆ ಕಾವೇರಿಯರ ಸಂಗಮದ ದಡದಲ್ಲಿಯೂ ಚಿಗುರಿತು.

ಆದರೆ ಹೆಸರು ಬಂದಷ್ಟು ಸುಲಭವಾಗಿ ಸತ್ವ ಬರುವುದಿಲ್ಲ. ತಾರಾಬಾಯಿಯವರ ಅಂಗಳದಲ್ಲಿ ಆಹಾರ, ಆರೋಗ್ಯ, ಆಟ, ಪಾಠ ಇವೆಲ್ಲ ಒಂದೇ ಹಾರದ ಹೂಗಳಾಗಿದ್ದವು. ಕಾಲಕ್ರಮದಲ್ಲಿ ಅನೇಕ ಕಡೆ ಅಡುಗೆಯ ಒಲೆ ಉಳಿದು ಹಾಡು ಕಥೆಗಳು ಹಿಂದೆ ಸರಿದವು. ಸೇವಿಕೆಯರ ದುಡಿಮೆಯನ್ನು ಗೌರವಸೇವೆಯೆಂದು ಕರೆದು, ವೇತನದ ಬದಲು ಗೌರವಧನವನ್ನಷ್ಟೇ ನೀಡುವ ಪದ್ಧತಿ ಬೇರೂರಿತು. ಅವರೂ ಉಪದಾನಕ್ಕೆ ಅರ್ಹರೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದು 2022ರಷ್ಟು ತಡವಾಗಿ. ಮೂರನೆಯ ವರ್ಷದಿಂದಲೇ ಶಿಕ್ಷಣದ ಬುನಾದಿ ಹಾಕಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ತಾರಾಬಾಯಿಯವರು ಅದನ್ನು ಮುಕ್ಕಾಲು ಶತಮಾನ ಮೊದಲೇ ಹಳ್ಳಿಯ ಮಣ್ಣಿನಲ್ಲಿ ಮಾಡಿ ತೋರಿಸಿದ್ದರು.

ಬಾಳಿನ ಸಂದೇಶ

ಹನ್ನೆರಡನೆಯ ಶತಮಾನದ ಶರಣರು ದೇವರನ್ನು ಗುಡಿಯಿಂದ ಬಿಡಿಸಿ ಭಕ್ತನ ಅಂಗೈಗೆ ತಂದರು. ಬೀದಿ ಗುಡಿಸುವ ಸತ್ಯಕ್ಕನೂ ಅಕ್ಕಿ ಆಯುವ ಲಕ್ಕಮ್ಮನೂ ಅನುಭವದ ಮಾತನ್ನು ನುಡಿದು, ಜ್ಞಾನಕ್ಕೆ ಕುಲವಿಲ್ಲ, ಲಿಂಗಭೇದವಿಲ್ಲವೆಂದು ತೋರಿಸಿದರು. ಕನ್ನಡ ನಾಡಿನ ಮಠಗಳು ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನೂ ನಡೆಸಿ, ಪ್ರಸಾದನಿಲಯಗಳ ಮೂಲಕ ಅಸಂಖ್ಯಾತ ಬಡಮಕ್ಕಳನ್ನು ಬೆಳೆಸಿದುದು ಆ ಪರಂಪರೆಯ ಫಲ. ತಾರಾಬಾಯಿಯವರು ಆ ಪರಂಪರೆಯಲ್ಲಿ ಹುಟ್ಟಿದವರಲ್ಲ. ಆದರೆ ಕಾಯಕ ಮತ್ತು ದಾಸೋಹಗಳ ಅರ್ಥ ಅವರ ಬಾಳಿನಲ್ಲಿ ಎದ್ದು ಕಾಣುತ್ತದೆ. ಅವರು ವಿದ್ಯೆಯನ್ನು ದಾನವಾಗಿ ಕೊಡಲಿಲ್ಲ, ಹಂಚಿಕೊಂಡರು. ಕೊಡುವವನು ಎತ್ತರದಲ್ಲಿ ನಿಲ್ಲುತ್ತಾನೆ, ಹಂಚಿಕೊಳ್ಳುವವನು ಜೊತೆಯಲ್ಲಿ ಕುಳಿತುಕೊಳ್ಳುತ್ತಾನೆ.

ಅವರ ಬಾಳು ಮೂವರಿಗೆ ಮೂರು ಬಗೆಯ ಪಾಠವನ್ನು ಹೇಳುತ್ತದೆ. ಗೈರುಹಾಜರಾದ ಮಗುವಿನ ಹೆಸರಿನ ಮುಂದೆ ಗುರುತು ಹಾಕಿ ಸುಮ್ಮನಾಗದೆ, ಅದರ ಮನೆಯ ಅಂಗಳದವರೆಗೆ ಹೋಗಿ ಕಾರಣವನ್ನು ತಿಳಿಯಬೇಕೆಂಬುದು ಅಧ್ಯಾಪಕರಿಗೆ. ಶಿಕ್ಷಣಕ್ಕೆ ಬೇಕಾದುದು ವೈಭವದ ಕಟ್ಟಡಕ್ಕಿಂತ ಮೊದಲು ನಿಷ್ಠೆಯುಳ್ಳ ಕಾರ್ಯಕರ್ತೆಯರೆಂಬುದು ದಾನಿಗಳಿಗೆ. ಕಲಿತು ಮುಂದೆ ಹೋದವರು ಇನ್ನೂ ಹೊಸ್ತಿಲಾಚೆ ನಿಂತ ತಂಗಿಯನ್ನು ಮರೆಯಬಾರದೆಂಬುದು ಹಳೆಯ ವಿದ್ಯಾರ್ಥಿಗಳಿಗೆ. ಕಾಡಂಚಿನ ಹಾಡಿಗಳಲ್ಲಿ, ಊರಾಚೆಯ ಕೇರಿಗಳಲ್ಲಿ, ಸೊಂಟದ ಮೇಲೆ ಕೂಸನ್ನು ಹೊತ್ತು ಶಾಲೆಯ ಕಡೆ ನೋಡುತ್ತ ನಿಂತ ಬಾಲಕಿ ಇಂದಿಗೂ ಇಲ್ಲದಿಲ್ಲ. ಅವಳು ನಡೆದು ಬರುವಳೆಂದು ಕಾಯುವುದು ಸುಲಭ. ಅವಳಿರುವಲ್ಲಿಗೆ ನಡೆದುಹೋಗುವುದು ಕಷ್ಟ. ತಾರಾಬಾಯಿ ಮೋಡಕರು ಆ ಕಷ್ಟದ ಹಾದಿಯನ್ನೇ ಆರಿಸಿಕೊಂಡು ನಡೆದರು, ನಡೆದು ಹಾದಿಯಾಗಿಸಿದರು. ಆ ಪುಣ್ಯಚೇತನಕ್ಕೆ ಅನಂತ ಶರಣು.